ಕಂಡವರ ಆಡು, ನನ್ನ ಹರಕೆ

ಆಡು ಎಷ್ಟು ಭಾರ ಅಂತ ಗೊತ್ತಾಗ್ಬೇಕಾದ್ರೆ ಅದು ಸತ್ತ ಮೇಲೆ ಹೊರಬೇಕು ಮಾರಾಯ್ರೆ. ಜೀವ ಇರುವಾಗ ಅದರ ಭಾರ ಅದರ ನಾಲ್ಕು ಕಾಲೇ ಹೊರ್ತದೆ. ಸತ್ತ ಮೇಲೆ ಆ ನಾಲ್ಕು ಕಾಲೂ ನಮಗೇ ಭಾರ. ಇದು ನಾನು ಎಲ್ಲೂ ಓದಿದ್ದಲ್ಲ. ಮಸ್ಕತ್ತಿನ ಹತ್ತಿರ ಅಲ್ ಅಮೇರಾತಿನ ಒಂದು ವಾದಿಯಲ್ಲಿ, ಮೊಣಕಾಲು ಮಟ್ಟ ನೀರಲ್ಲಿ, ನೈಟಿ ಎತ್ತಿ ಕಟ್ಟಿಕೊಂಡು ಕಲ್ತದ್ದು.

ವಾದಿ ಅಂದ್ರೆ ಹೊಳೆ, ನೀರು ಮಾತ್ರ ಇಲ್ಲ. ವರ್ಷವಿಡೀ ಬರೀ ಕಲ್ಲು. ಗುಡ್ಡದಲ್ಲಿ ಎರಡು ದಿನ ಮಳೆ ಬಂದ್ರೆ ಅದಕ್ಕೆ ತಾನು ಹೊಳೆ ಅಂತ ನೆನಪಾಗ್ತದೆ. ನಮ್ಮ ಮನೆಯ ಹಿಂದೆಯೇ ಅಂಥದ್ದೊಂದು ಇತ್ತು.

ತೊಂಬತ್ತರ ದಶಕದ ನಡುವಿನ ಮಾತು ಇದು. ನಮ್ಮ ಊರಿನವರೆಲ್ಲ ಶಾಲೆ ಹತ್ತಿರ, ಕೃಷ್ಣನ ಗುಡಿ ಹತ್ತಿರ ಅಂತ ದಾರ್ಸೈಟಿನ ಫ್ಲಾಟುಗಳಲ್ಲಿ ಒಬ್ಬರ ಅಡುಗೆಮನೆಗೆ ಇನ್ನೊಬ್ಬರು ಇಣುಕಿಕೊಂಡು ಇದ್ರು. ನಮ್ಮ ಮನೆಯವರಿಗೆ ಸಿಮೆಂಟ್ ಬ್ಲಾಕ್ ಮಾಡುವ ಯಾರ್ಡಿನಲ್ಲಿ ಸೂಪರ್‌ವೈಸರ್ ಕೆಲಸ. ಯಾರ್ಡ್ ಅಮೇರಾತಿನಲ್ಲಿ, ಹಾಗಾಗಿ ಮನೆಯೂ ಅಲ್ಲೇ. ಸುತ್ತ ಬೋಳು ಗುಡ್ಡ. ತುಳು ಮಾತಾಡ್ಬೇಕು ಅಂತ ಆಸೆ ಆದ್ರೆ ಗೋಡೆ ಹತ್ರ ಮಾತಾಡ್ಬೇಕು.

ಆದ್ರೆ ನಂಗೆ ಉಮ್ಮಿ ಸಿಕ್ಕಿದ್ರು. ಪಕ್ಕದ ಮನೆಯ ಒಮಾನಿ ಅಜ್ಜಿ. ಉಮ್ಮಿ ಅಂದ್ರೆ ಅಮ್ಮ. ಅವರು ನನ್ನನ್ನು ಬಿಂತಿ ಅಂತ ಕರೀತಾ ಇದ್ರು, ಮಗಳೇ ಅಂತ. ನನ್ನ ಅರಬಿ, ಅವರ ಹಿಂದಿ, ಎರಡೂ ಕುಂಟು. ಕೈಕೈ ಹಿಡ್ಕೊಂಡು ಹೇಗೋ ನಡೀತಾ ಇದ್ದವು. ಈ ಕತೆಯಲ್ಲಿ ಮಾತ್ರ ಇಬ್ಬರೂ ಚಂದ ಕನ್ನಡ ಮಾತಾಡ್ತೇವೆ. ಬರೀಲಿಕ್ಕೆ ಅಂತ ಮೊಮ್ಮಗಳು ನನ್ನ ಫೋನಿಗೆ ಹಾಕಿ ಕೊಟ್ಟದ್ದು ಕನ್ನಡ ಒಂದೇ.

ಉಮ್ಮಿಗೆ ಹತ್ತು ಹನ್ನೆರಡು ಆಡು ಇತ್ತು. ಅದರಲ್ಲಿ ಒಂದು ಗಂಡಾಡು, ಹಬ್ಬಕ್ಕೆ ಅಂತ ಸಾಕಿದ್ದು. ಅದಕ್ಕೆ ಖರ್ಜೂರ, ಒಣ ಬೂತಾಯಿ ಮೀನು. ಹೌದು ಮಾರಾಯ್ರೆ, ಅಲ್ಲಿ ಆಡಿಗೆ ಒಣ ಬೂತಾಯಿ ಹಾಕ್ತಾರೆ! ಮೊದಲ ಸಲ ಕಂಡಾಗ ನಂಗೆ ಹೊಟ್ಟೆ ಉರಿದು ಹೋಗಿ, ಒಂದು ಬೊಗಸೆ ಕೇಳಿ ತಂದು ಕಾಯಿ ಹಾಕಿ ಚಟ್ನಿ ಮಾಡಿ ತಿಂದೆ. ಉಮ್ಮಿ ಆ ಕೇರಿಯವರಿಗೆಲ್ಲ ಹೇಳ್ಕೊಂಡು ಬಂದ್ರು, "ನನ್ನ ಆಡಿನ ಊಟ ಕದ್ದ ಇಂಡಿಯಾದ ಹೆಂಗಸು ಇವಳೇ."

ಅವರ ಒಬ್ಬನೇ ಮಗ ದೂರದ ಸಲಾಲಾದಲ್ಲಿ ಸಿಪಾಯಿ. ಎರಡು ವರ್ಷ ಅವನಿಗೆ ರಂಜಾನಿನ ಹಬ್ಬಕ್ಕೆ ರಜೆ ಸಿಕ್ಕಿರ್ಲಿಲ್ಲ. ಈ ಸಲ ಬರ್ತಾನೆ ಅಂತ ಗೊತ್ತಾದ ದಿನದಿಂದ ಉಮ್ಮಿಯ ಬಾಯಲ್ಲಿ ಷುವಾ ಬಿಟ್ರೆ ಬೇರೆ ಮಾತಿಲ್ಲ. ಷುವಾ ಅಂದ್ರೆ ಆಡಿನ ಮಾಂಸಕ್ಕೆ ಮಸಾಲೆ ಮೆತ್ತಿ, ಬಾಳೆ ಎಲೆಯಲ್ಲಿ ಸುತ್ತಿ, ಗೋಣಿಯಲ್ಲಿ ಕಟ್ಟಿ, ಕೆಂಡದ ಹೊಂಡದಲ್ಲಿ ಒಂದಿಡೀ ದಿನ ಹುಗಿಯುದು. ಮಗ ಚಿಕ್ಕವ ಇರುವಾಗ ಆ ಹೊಂಡದ ಹತ್ರವೇ ಮಲಗ್ತಾ ಇದ್ದನಂತೆ. "ಎರಡು ಹಬ್ಬ ಡಬ್ಬಿಯ ಮೀನು ತಿಂದಿದ್ದಾನೆ ಪಾಪ" ಅಂತ ಉಮ್ಮಿ ಆಡಿನ ಬೆನ್ನು ಸವರ್ತಾ ಹೇಳ್ತಾ ಇದ್ರು. ಆಡಿಗೆ ಅದರ ಅರ್ಥ ಆಗ್ಲಿಲ್ಲ, ಒಳ್ಳೇದಾಯ್ತು.

ಉಪವಾಸದ ಇಪ್ಪತ್ತೆಂಟನೇ ದಿನ. ಎರಡು ದಿನ ಮಳೆ ಬಂದು ನಿಂತಿತ್ತು. ಕೇರಿಯ ಗಂಡಸರೆಲ್ಲ ಹಬ್ಬದ ಸಂತೆ ಅಂತ ಬರ್ಕಾ ಕಡೆ ಹೋಗಿದ್ರು. ನಮ್ಮವರು ಯಾರ್ಡಿನಲ್ಲಿ. ನನ್ನ ಮಗಳು ಶಾಲೆಯಿಂದ ಬಂದು ಟಿ.ವಿ. ಮುಂದೆ. ಎರಡೂವರೆ ಆಗಿರ್ಬೇಕು, ಉಮ್ಮಿ ನನ್ನ ಅಡುಗೆಮನೆ ಬಾಗಿಲಿಗೆ ಬಂದು ನಿಂತ್ರು. ಮುಖದಲ್ಲಿ ರಕ್ತ ಇಲ್ಲ.

"ಬಿಂತಿ, ಆಡುಗಳು ಬಂದ್ವು. ಅವನು ಬರ್ಲಿಲ್ಲ."

ಅವನು ಅಂದ್ರೆ ಆ ಗಂಡಾಡು. ಹಗ್ಗ ಜಗಿದು ಉಳಿದವುಗಳ ಜೊತೆ ವಾದಿಯ ಮೇಲಕ್ಕೆ ಹೊಸ ಹುಲ್ಲಿಗೆ ಹೋಗಿದ್ದ. ನಾನು ನೈಟಿ ಮೇಲೆ ನಮ್ಮವರ ಹಳೇ ಅಂಗಿ ಹಾಕಿ, ಶಾಲು ಹೊದ್ದು, ಚಪ್ಪಲಿ ಮೆಟ್ಟಿ ಹೊರಟೆ. ಉಮ್ಮಿಯ ಮೊಣಗಂಟು ಕೆಟ್ಟಿತ್ತು. ಹಾಗಾಗಿ ಗುಡ್ಡದ ಬದಿಯ ಕತ್ತೆದಾರಿಯಲ್ಲಿ ಹೋದೆವು. ಸುತ್ತುಬಳಸು, ಆದ್ರೆ ಸಮ. ಒಂದು ಗಂಟೆ ನಡೆದ ಮೇಲೆ ಕೆಳಗೆ ವಾದಿಯಿಂದ ಸಣ್ಣ ಸ್ವರ ಕೇಳಿತು.

ಬಂಡೆಯಿಂದ ಜಾರಿ ಬಿದ್ದಿದ್ದ. ಹಿಂದಿನ ಕಾಲು ಮುರಿದಿತ್ತು, ಅರ್ಧ ಮೈ ನೀರಲ್ಲಿ. ಉಸಿರು ಎಳೀತಾ ಇದ್ದ. ತಾನಾಗಿ ಸತ್ತರೆ ಅವರಿಗೆ ಅದನ್ನು ತಿನ್ಲಿಕ್ಕೆ ಆಗುದಿಲ್ಲ, ಅದು ನಂಗೆ ಗೊತ್ತಿತ್ತು. ಉಮ್ಮಿ ಕೂತುಕೊಂಡೇ ಇಳಿಜಾರು ಇಳಿದ್ರು. ಸೊಂಟದಿಂದ ಕತ್ತಿ ತೆಗೆದ್ರು, ಆಡನ್ನು ಮೆಕ್ಕಾದ ದಿಕ್ಕಿಗೆ ತಿರುಗಿಸಿದ್ರು, ದೇವರ ಹೆಸರು ಹೇಳಿದ್ರು. ನಾನು ಗುಡ್ಡ ನೋಡ್ತಾ ನಿಂತೆ. ಮತ್ತೆ ತಿರುಗುವಾಗ ಅವರ ಕಣ್ಣಲ್ಲಿ ನೀರು, ಕೈಯಲ್ಲಿ ಕೆಲಸ. ಹೊಟ್ಟೆ ಸೀಳಿ ಕರುಳೆಲ್ಲ ಅಲ್ಲೇ ತೆಗೆದು ಭಾರ ಕಮ್ಮಿ ಮಾಡಿದ್ರು.

"ಇನ್ನು?" ಅಂದೆ.

"ಇನ್ನು ಗಂಡಸರು ಬರುವಾಗ ರಾತ್ರಿ ಆಗ್ತದೆ. ಅಷ್ಟರಲ್ಲಿ ನರಿ ಹಬ್ಬ ಮಾಡ್ತದೆ." ಉಮ್ಮಿ ಬಂಡೆಗೆ ಒರಗಿದ್ರು. ಬೆಳಗ್ಗಿಂದ ಹನಿ ನೀರಿಲ್ಲದ ಬಾಯಿ. "ಖಲಾಸ್. ಅವನಿಗೆ ಕೋಳಿ ಮಾಡಿ ಹಾಕ್ತೇನೆ."

ಆ ಕೋಳಿ ಅಂದ ಸ್ವರ ನಂಗೆ ತಡೀಲಿಕ್ಕೆ ಆಗ್ಲಿಲ್ಲ.

"ನಾನು ತರ್ತೇನೆ" ಅಂದೆ.

"ನೀನು? ಒಂದು ಗ್ಯಾಸ್ ಸಿಲಿಂಡರ್ ಬಂದ್ರೆ ಗಂಡನಿಗೆ ಫೋನ್ ಮಾಡುವವಳು?"

"ಗಂಡ ಇದ್ದಾನಲ್ಲ, ಹಾಗೆ ಮಾಡುದು. ಮದುವೆಗೆ ಮೊದಲು ಗದ್ದೆಯಿಂದ ಹುಲ್ಲಿನ ಹೊರೆ ತಲೆಯಲ್ಲಿ ಹೊತ್ತವಳು ನಾನು ಉಮ್ಮಿ. ನೀವು ಬಂದ ದಾರಿಯಲ್ಲೇ ಹೋಗಿ. ನಾನು ವಾದಿಯಲ್ಲೇ ಇಳೀತೇನೆ, ಹತ್ತಿರ ಆಗ್ತದೆ."

ಉಮ್ಮಿ ಮೇಲೆ ಮೋಡ ನೋಡಿದ್ರು, ಕೆಳಗೆ ನೀರು ನೋಡಿದ್ರು, ಮತ್ತೆ ನನ್ನ ಚಪ್ಪಲಿ ನೋಡಿದ್ರು. "ನೀರು ಕನ್ನಡಿ ಹಾಗೆ ಇರುವಷ್ಟು ಹೊತ್ತು ನಡಿ. ಚಹಾದ ಬಣ್ಣ ಬಂತಾ, ಆಡು ಬಿಟ್ಟು ಮೇಲೆ ಹತ್ತು. ಆಡು ಇನ್ನೊಂದು ಸಿಗ್ತದೆ. ನಿನ್ನ ಗಂಡನಿಗೆ ನಾನು ಎಂತ ಹೇಳ್ಲಿ?"

"ಗಂಡನಿಗೂ ಇನ್ನೊಂದು ಸಿಗ್ತದೆ ಅಂತ ಹೇಳಿ."

ಅಷ್ಟು ಹೊತ್ತಿಗೆ ಮೊದಲ ಸಲ ನಗಾಡಿದ್ರು. ಕೋಲೂರಿ ಹೊರಟ್ರು. ಅವರು ತಿರುವಿನಲ್ಲಿ ಮರೆಯಾದ ಮೇಲೆ ನಾನು ಮತ್ತು ಆಡು, ಇಬ್ಬರೇ.

ಮೊದಲು ಊರಿನ ಕ್ರಮ. ಶಾಲು ಸುತ್ತಿ ಸಿಂಬೆ ಮಾಡಿ ತಲೆಯ ಮೇಲೆ ಇಟ್ಟು, ಆಡನ್ನು ಬಂಡೆಯ ಮೇಲೆ ಏರಿಸಿ, ಕೆಳಗಿಂದ ತಲೆ ಕೊಟ್ಟೆ. ಅರ್ಧ ಮುಡಿ ಅಕ್ಕಿಯಷ್ಟು, ಒಂದು ಇಪ್ಪತ್ತು ಕಿಲೋ ಭಾರ, ಅದಕ್ಕೆ ಹೆದರುವವಳಲ್ಲ. ಆದ್ರೆ ಹುಲ್ಲಿನ ಹೊರೆಗೆ ಕುತ್ತಿಗೆ ಇರುದಿಲ್ಲ ನೋಡಿ. ಇದರ ಕುತ್ತಿಗೆ ನನ್ನ ಮೂಗಿನ ಮುಂದೆ ತೂಗಾಡ್ತಾ ಇತ್ತು. ಹೆಜ್ಜೆ ಇಟ್ಟ ಹಾಗೆಲ್ಲ ಕೊಂಬು ಬಂದು ಎದೆಗೆ ಕುಟ್ಟುದು. ಹತ್ತು ಹೆಜ್ಜೆಗೆ ಇಬ್ಬರೂ ನೀರಲ್ಲಿ ಕೂತೆವು. ಒಂದು ಚಪ್ಪಲಿ ಸಮುದ್ರದ ಕಡೆ ಹೋಯ್ತು. ಇನ್ನೊಂದನ್ನು ನಾನೇ ಬಿಸಾಡಿದೆ, ಒಂಟಿ ಯಾಕೆ ಅಂತ.

ಮತ್ತೆ ಮುಂಗಾಲು ಹಿಂಗಾಲು ಕಟ್ಟಿ ಮಗಳ ಶಾಲೆಚೀಲದ ಹಾಗೆ ಬೆನ್ನಿಗೆ ಹಾಕಿದೆ. ಅದು ಚಂದ ಆಯ್ತು, ಮೊದಲ ದೊಡ್ಡ ಬಂಡೆ ಬರುವವರೆಗೆ. ಬಂಡೆ ಇಳಿಯುವಾಗ ನಾನು ಮುಂದೆ, ಆಡು ಹಿಂದೆ, ಆಡಿಗೆ ನನಗಿಂತ ಅರ್ಜೆಂಟು.

ಕಡೆಗೆ ಎಳೀಲಿಕ್ಕೆ ಸುರು ಮಾಡಿದೆ. ಹಿಂಗಾಲು ಹಿಡಿದು ಎಳೆದ್ರೆ ಕೂದಲು ಉಲ್ಟಾ ಎದ್ದು ಕಲ್ಲುಕಲ್ಲಿಗೂ ಹಿಡೀತದೆ. ತಲೆ ಮುಂದೆ ಮಾಡಿ, ಕೊಂಬಿಗೂ ಮುಂಗಾಲಿಗೂ ಸೇರಿಸಿ ಶಾಲು ಬಿಗಿದು ಎಳೆದ್ರೆ ನಯವಾಗಿ ಜಾರ್ತದೆ, ತೊಗಲೂ ಹರಿಯುದಿಲ್ಲ. ಇದು ಕಂಡುಹಿಡಿದಾಗ ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ, ಯಾರಿಗಾದ್ರೂ ಹೇಳ್ಬೇಕು ಅಂತ ಸುತ್ತ ನೋಡಿದೆ. ಯಾರೂ ಇಲ್ಲ. ಆಡಿಗೇ ಹೇಳಿದೆ.

ಹೊಂಡದ ಹಾಗೆ ನೀರು ನಿಂತಲ್ಲಿ ಇನ್ನೂ ಸುಖ. ತೇಲಿಸಿ ದೂಡಿದ್ರೆ ಸಾಕು. ಒಂದೇ ತೊಂದರೆ, ಸೀಳಿದ ಹೊಟ್ಟೆಗೆ ನೀರು, ಮರಳು ಹೋಗ್ತದೆ. ನಮ್ಮ ಕಡೆಯ ಹೆಂಗಸರು ಮನೆಯ ಬೀಗದ ಕೈ ಮರೀಬಹುದು, ಸೇಫ್ಟಿ ಪಿನ್ ಮರೆಯುದಿಲ್ಲ. ನನ್ನ ಕರಿಮಣಿಯಲ್ಲಿ ನಾಲ್ಕು, ಬಳೆಯಲ್ಲಿ ಮೂರು. ಏಳೂ ತೆಗೆದು ಆಡಿನ ಹೊಟ್ಟೆ ಮುಚ್ಚಿ ಚುಚ್ಚಿದೆ, ಸೀರೆಯ ನೆರಿಗೆಗೆ ಚುಚ್ಚಿದ ಹಾಗೆ. ದೋಣಿ ತಯಾರು.

ಸುಳ್ಳು ಯಾಕೆ ಹೇಳ್ಲಿ, ಆ ಒಂದು ಗಂಟೆ ನಂಗೆ ತುಂಬ ಸಂತೋಷ ಆಗಿತ್ತು. ಊರು ಬಿಟ್ಟ ಮೇಲೆ ಹರಿಯುವ ನೀರಲ್ಲಿ ಕಾಲಿಟ್ಟದ್ದು ಅದೇ ಮೊದಲು. ಗುಡ್ಡದ ಮೇಲೆ ಹಳದಿ ಬಿಸಿಲು, ಕೆಳಗೆ ತಣ್ಣಗಿನ ನೆರಳು. ನಂಗೆ ಚಹಾ ಇಡು ಅನ್ನುವವರು ಇಲ್ಲ, ಸಾಕ್ಸ್ ಎಲ್ಲಿ ಅನ್ನುವವರು ಇಲ್ಲ. ನಾಟಿ ಮಾಡುವಾಗಿನ ಒಂದು ಹಾಡು ಅರ್ಧ ನೆನಪಿತ್ತು. ಆ ಅರ್ಧವನ್ನೇ ನಾಲ್ಕೈದು ಸಲ ಹೇಳಿದೆ. ಗುಡ್ಡ ಅದನ್ನು ತಿರುಗಿ ಹೇಳ್ತಾ ಇತ್ತು, ನನಗಿಂತ ಒಳ್ಳೇ ಸ್ವರದಲ್ಲಿ.

ಎರಡು ಗೋಡೆಯ ಹಾಗೆ ಬಂಡೆ ಒತ್ತಿ ಬಂದ ಒಂದು ಇರುಕಿನಲ್ಲಿ ಕಾಲ ಹತ್ತಿರ ಒಣ ಕಡ್ಡಿ ತೇಲಿ ಬಂತು. ಮತ್ತೊಂದು. ಬಗ್ಗಿ ನೋಡ್ತೇನೆ, ನನ್ನ ಪಾದ ಕಾಣ್ತಾ ಇಲ್ಲ. ನೀರು ಹಾಲು ಹಾಕಿದ ಚಹಾ.

ಹಾಡು ಅಲ್ಲೇ ನಿಂತಿತು. ಪಕ್ಕದ ಬಂಡೆಯಲ್ಲಿ ಎದೆಮಟ್ಟಕ್ಕೆ ಜಗಲಿಯಂಥದ್ದು ಇತ್ತು. ಶಾಲಿನ ತುದಿ ಹಲ್ಲಲ್ಲಿ ಕಚ್ಚಿ ಹತ್ತಿದೆ. ಮೊಣಕೈ ತರಚಿತು, ಹತ್ತಿದೆ. ಬಿಡು ಅಂತ ಉಮ್ಮಿ ಹೇಳಿದ್ದು ನೆನಪುಂಟು. ಆದ್ರೆ ಕೈ ಬಿಡ್ಬೇಕಲ್ಲ. ಎಳೆದೆ. ಆಡು ಮೇಲೆ ಬರುದಿಲ್ಲ. ನೀರು ಅದನ್ನು ಕೆಳಗೆ ಎಳೀತದೆ, ನಾನು ಮೇಲೆ, ಶಾಲು ಚರ್ ಅಂತ ಸ್ವರ ಮಾಡ್ತದೆ.

ಆಗ ಬಾಯಿಗೆ ಬಂದದ್ದು ನಮ್ಮ ಮನೆಯ ದೈವ. ನಮ್ಮಲ್ಲಿ ಎಲ್ಲ ಹಾಗೆಯೇ ಅಲ್ವಾ, ದನ ಬರ್ಲಿಲ್ಲ, ದೈವಕ್ಕೆ ಹೇಳು. ಉಂಗುರ ಕಾಣುದಿಲ್ಲ, ದೈವಕ್ಕೆ ಹೇಳು. ಯೋಚನೆ ಮಾಡ್ಲಿಕ್ಕಿಲ್ಲ, ಕೆಮ್ಮು ಬಂದ ಹಾಗೆ ಬರ್ತದೆ. ಗಟ್ಟಿಯಾಗಿ ತುಳುವಿನಲ್ಲಿ ಬೊಬ್ಬೆ ಹಾಕಿದೆ: ಅಪ್ಪಾ ದೈವವೇ, ಇದೊಂದನ್ನು ಮನೆ ಮುಟ್ಟಿಸಿ ಕೊಡು, ಈ ಆಡಿನ ಮೊದಲ ಪಾಲೇ ನಿಂಗೆ ಎಲೆಯಲ್ಲಿ ಬಡಿಸ್ತೇನೆ!

ಊರಲ್ಲಿ ಬಡಿಸುದು ಕೋಳಿ. ಹೆದರಿಕೆಯಲ್ಲಿ ನಾನೇ ರೇಟು ಏರಿಸಿ ಆಡಿಗೆ ಹೋದದ್ದು.

ನೀರು ಏರಿತು. ಏರಿದ ನೀರೇ ಆಡನ್ನು ಎತ್ತಿಕೊಂಡು ಬಂದು ಜಗಲಿಯ ಮಟ್ಟಕ್ಕೆ ತಂದಿತು. ಕೊಂಬು ಹಿಡಿದು ಒಂದೇ ಎಳೆತ, ನನ್ನ ಮಡಿಲಲ್ಲಿ. ಅಷ್ಟು ಬೇಗ ದೈವ ಊರಲ್ಲೂ ಕೆಲಸ ಮಾಡಿಕೊಟ್ಟದ್ದಿಲ್ಲ. ಅರ್ಧ ಗಂಟೆ ಆ ಜಗಲಿಯಲ್ಲಿ, ಸತ್ತ ಆಡನ್ನು ಮಗುವಿನ ಹಾಗೆ ತಬ್ಬಿಕೊಂಡು ಕೂತಿದ್ದೆ. ದೊಡ್ಡ ನೆರೆ ಏನೂ ಅಲ್ಲ. ಮೇಲೆ ಎಲ್ಲೋ ಒಂದು ಮಳೆ ಬಂದು ಮುಗಿದ ನೀರು. ಮೆಲ್ಲ ಮೆಲ್ಲ ಇಳಿಯಿತು.

ನೀರು ಇಳಿದ ಹಾಗೆ ನಂಗೆ ಬುದ್ಧಿ ಏರಿತು. ಅಯ್ಯೋ ದೇವರೇ. ಇದು ಯಾರ ಆಡು?

ಅತ್ತೆಯ ಸೊತ್ತು ಅಳಿಯ ದಾನ ಮಾಡಿದ ಅಂತ ಕೇಳಿ ನಗಾಡಿದವಳು ನಾನು. ಈಗ ನೋಡಿದ್ರೆ ಉಮ್ಮಿಯ ಆಡು, ನನ್ನ ಹರಕೆ. ಅಷ್ಟೇ ಆದ್ರೆ ಪರವಾಗಿಲ್ಲ. ಹಿಂದಿನ ಚೌತಿಗೆ ನಾನು ಪಂಚಕಜ್ಜಾಯ ಕೊಟ್ಟಾಗ ಉಮ್ಮಿ ತಟ್ಟೆ ಮುಟ್ಟದೆ ಮೆಲ್ಲ ಕೇಳಿದ್ರು, "ಬಿಂತಿ, ಇದು ನಿಮ್ಮ ದೇವರ ಮುಂದೆ ಇಟ್ಟದ್ದಾ? ಬೇಜಾರ ಮಾಡ್ಬೇಡ. ಇಟ್ಟದ್ದು ನಮಗೆ ಆಗುದಿಲ್ಲ." ಆಮೇಲೆ ನಾನು ಅವರಿಗೆ ಅಂತ ಬೇರೆ ಪಾತ್ರೆಯಲ್ಲಿ, ಪೂಜೆಗೆ ಮೊದಲೇ ತೆಗೆದಿಡ್ತಾ ಇದ್ದೆ. ಅಂಥವರ ಮಗನ ಹಬ್ಬದ ಆಡನ್ನೇ ನಾನು ಬೊಬ್ಬೆ ಹೊಡೆದು ಬೇರೆಯವರಿಗೆ ಬರೆದು ಕೊಟ್ಟಾಯ್ತು.

ಹೇಳಿದ್ರೆ ಆಡು ಹೋಯ್ತು, ಮಗನಿಗೆ ಕೋಳಿ. ಹೇಳದಿದ್ರೆ? ಯಾರಿಗೂ ಗೊತ್ತಾಗುದಿಲ್ಲ. ಕೇಳಿದ್ದು ಗುಡ್ಡ ಮಾತ್ರ, ಗುಡ್ಡಕ್ಕೆ ತುಳು ಬರುದಿಲ್ಲ. ಉಳಿದ ದಾರಿಯಿಡೀ ಅದನ್ನೇ ಎಳೆದದ್ದು ನಾನು. ಆಡು ಎಳೆದದ್ದು ನೆನಪಿಲ್ಲ.

ಕಡೆಯ ಏರು ಹತ್ತಿ ಬರುವಾಗ ಉಮ್ಮಿ ಬೇವಿನ ಮರದ ಕೊಂಬೆಗೆ ಹಗ್ಗ ಹಾಕಿ ಕಾಯ್ತಾ ನಿಂತಿದ್ರು. ನನ್ನನ್ನು ಕಂಡು ಎರಡೂ ಕೈ ಆಕಾಶಕ್ಕೆ ಎತ್ತಿದ್ರು. ಇಬ್ಬರೂ ಸೇರಿ ಆಡನ್ನು ತೂಗಿಸಿದೆವು. ಹೊಟ್ಟೆ ನೋಡಿ ಉಮ್ಮಿ ಪಿನ್ನು ಒಂದೊಂದೇ ತೆಗೆದು ಎಣಿಸಿದ್ರು. ಏಳು. ನಗಾಡಿ ನಗಾಡಿ ಮರ ಹಿಡ್ಕೊಂಡ್ರು. "ಇವನನ್ನು ಕಸಾಯಿಯವನ ಹತ್ರ ಅಲ್ಲ, ಟೈಲರ್ ಹತ್ರ ಕಳಿಸ್ಬೇಕು!"

ಮಗಳು ಗೋಡೆಯ ಮೇಲಿಂದ ಇಣುಕಿ, "ಅಮ್ಮಾ, ಯು ಸ್ಮೆಲ್ ಟೆರಿಬಲ್" ಅಂದು ಒಳಗೆ ಓಡಿದ್ಲು.

ಮಸೀದಿಯಲ್ಲಿ ಸಂಜೆಯ ಬಾಂಗ್ ಆಯ್ತು. ಉಮ್ಮಿ ಖರ್ಜೂರ ಬಾಯಿಗೆ ಹಾಕಿ ನೀರು ಕುಡಿದ್ರು, ಒಂದು ನನ್ನ ಕೈಗೂ ಇಟ್ರು. ಅವರ ಗಂಟಲಲ್ಲಿ ನೀರು ಇಳಿಯುದು ನೋಡಿದೆ. ಹೇಳದೆ ಇರ್ಲಿಕ್ಕೆ ಆಗ್ಲಿಲ್ಲ. ಎಲ್ಲ ಹೇಳಿದೆ. ಕಡ್ಡಿ, ಚಹಾ ನೀರು, ಜಗಲಿ, ಬೊಬ್ಬೆ, ಹರಕೆ. ಹರಕೆಗೆ ಅರಬಿ ಗೊತ್ತಿಲ್ಲದೆ ಕೈ ಮುಗಿದು, ಎಲೆ ಹಾಕಿ, ಬಡಿಸಿ ತೋರಿಸಿದೆ.

ಉಮ್ಮಿ ಲೋಟ ಕೆಳಗಿಟ್ರು. ಆಡನ್ನು ನೋಡಿದ್ರು, ನನ್ನನ್ನು ನೋಡಿದ್ರು. ನನ್ನ ಬಾಯಲ್ಲಿ ಖರ್ಜೂರದ ಬೀಜ, ಉಗುಳ್ಲಿಕ್ಕೂ ಧೈರ್ಯ ಇಲ್ಲ.

"ನೀನು ಹೇಳಿದ್ದು ಕತ್ತಿಗಿಂತ ಮೊದಲಾ, ಮತ್ತೆಯಾ?"

"ಮತ್ತೆ. ತುಂಬ ಮತ್ತೆ."

"ಕತ್ತಿ ಯಾರದ್ದು?"

"ನಿಮ್ಮದು."

"ಕತ್ತಿ ಇಡುವಾಗ ಯಾರ ಹೆಸರು ಹೇಳಿದ್ದು?"

"ನಿಮ್ಮ ದೇವರದ್ದು. ನಾನು ಕೇಳಿದ್ದೇನೆ."

"ಆಡು ಯಾರದ್ದು?"

"ನಿಮ್ಮದು ಉಮ್ಮಿ."

"ನನ್ನ ಆಡನ್ನು ನೀನು ಯಾರಿಗಾದ್ರೂ ಹೇಗೆ ಕೊಡ್ತೀ? ನನ್ನ ಮನೆ ಮಾರ್ಲಿಕ್ಕೆ ಆಗ್ತದಾ ನಿಂಗೆ? ನೀನು ಕೊಟ್ಟದ್ದು ಕೊಟ್ಟದ್ದೇ ಅಲ್ಲ. ಯಜಮಾನಿ ಒಪ್ಲಿಲ್ಲ ಅಂತ ಹೇಳು ನಿಮ್ಮವನಿಗೆ."

ಎದೆಯಿಂದ ಅರ್ಧ ಕಲ್ಲು ಇಳಿಯಿತು. ಇನ್ನರ್ಧ ಉಳಿಯಿತು. "ಉಮ್ಮಿ, ನಮ್ಮ ದೈವ ಹಾಗೆಲ್ಲ ಕೇಳುವವರಲ್ಲ. ಹೇಳಿದ್ದು ಕೊಡದಿದ್ರೆ ಕನಸಿಗೆ ಬಂದು ಕೂರ್ತಾರೆ."

"ಅಷ್ಟು ಗಟ್ಟಿಯಾ?"

"ನನ್ನ ಅತ್ತೆಗಿಂತ ಗಟ್ಟಿ."

ಉಮ್ಮಿ ಎರಡನೇ ಖರ್ಜೂರ ತಿಂದ್ರು. ನಿಧಾನ ಜಗಿದ್ರು. ಆಮೇಲೆ ಕತ್ತಿ ತಗೊಂಡು ಎದ್ದು, ತೊಡೆಯ ಕಡೆಯಿಂದ ಒಂದು ಒಳ್ಳೇ ತುಂಡು ಕೊಯ್ದು ನನ್ನ ಕೈಯ ಮೇಲೆ ಇಟ್ರು. ಇನ್ನೂ ತೊಗಲು ಸುಲಿಯುವ ಮೊದಲೇ. "ಹಬ್ಬಕ್ಕೆ ಆಡು ಕಡಿದ್ರೆ ನೆರೆಮನೆಗೆ ಪಾಲು ಹೋಗ್ತದೆ. ಬೇರೆಯವರಿಗೆ ನಾಡಿದ್ದು. ನಿಂಗೆ ಈಗಲೇ, ಎಲ್ಲರಿಗಿಂತ ಮೊದಲು. ಹೊತ್ತವಳಲ್ವಾ. ಇದು ಈಗ ಯಾರದ್ದು?"

"ನನ್ನದು."

"ನಿನ್ನ ಹೊಸ್ತಿಲು ದಾಟಿದ ಮೇಲೆ ಯಾರಿಗೆ ಬಡಿಸ್ತೀ, ನಾನು ನೋಡ್ಲಿಕ್ಕೆ ಬರುದಿಲ್ಲ. ಯಲ್ಲಾ, ಹೋಗು. ಸ್ನಾನ ಮಾಡು. ಮಗಳು ಹೇಳಿದ್ದು ಸತ್ಯ."

ಗೇಟಿನ ಹತ್ರ ಮುಟ್ಟುವಾಗ ಹಿಂದಿನಿಂದ ಕರೆದ್ರು. ಷುವಾಕ್ಕೆ ಅಂತ ತರಿಸಿದ್ದ ಬಾಳೆ ಎಲೆಯ ಕಟ್ಟಿನಿಂದ ಒಂದು ಎಲೆ ಎಳೆದು, ನನ್ನ ಮುಖ ನೋಡದೆ ಕೈಗೆ ತುರುಕಿದ್ರು. ಎಲೆ ಯಾಕೆ ಅಂತ ಅವರು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ.

ನಮ್ಮವರು ಯಾರ್ಡಿನಿಂದ ಬರುವಾಗ ಆ ಮಾಂಸದ ಸುಕ್ಕ ಬೇಯ್ತಾ ಇತ್ತು. ಕತೆಯೆಲ್ಲ ಕೇಳಿ, ತಲೆಗೆ ಕೈ ಇಟ್ಟು, "ಅಮೇರಾತಿಗೆ ದೈವವನ್ನು ಕರೆಸಿದ್ದು ನೀನೊಬ್ಳೇ ಮಾರಾಯ್ತಿ, ವೀಸಾ ಯಾರು ಮಾಡಿದ್ದು?" ಅಂತ ಕೇಳಿದ್ರು. ಆದ್ರೆ ಅಡುಗೆಮನೆಯ ಮೂಲೆ ಒರೆಸಿ, ಎಲೆ ಹಾಕಿ, ಬಡಿಸಿ, ಕೈ ಮುಗಿಯುವಾಗ ಅವರ ಕೈ ನನಗಿಂತ ಮೊದಲು ಜೋಡಿಯಾಗಿತ್ತು.

ಮರುದಿನ ಮಗ ಬಂದ. ಬಿಸಿಲಿಗೆ ಕಪ್ಪಾಗಿ, ಸಪೂರ ಆಗಿ ಬಂದಿದ್ದ. ಹಬ್ಬದ ಎರಡನೇ ದಿನ ಹೊಂಡ ತೆಗೆದ್ರು. ಆ ಪರಿಮಳಕ್ಕೆ ನಮ್ಮ ಮನೆಯ ಕಿಟಕಿ ತಾನಾಗಿ ತೆರೆದದ್ದು ಅಂತ ನಮ್ಮವರು ಈಗಲೂ ವಾದ ಮಾಡ್ತಾರೆ. ಉಮ್ಮಿ ನನ್ನನ್ನು ಹೆಂಗಸರ ಕೋಣೆಗೆ ಕರೆಸಿ, ದೊಡ್ಡ ಹರಿವಾಣದ ಎದುರು ತನ್ನ ಪಕ್ಕದಲ್ಲಿ ಕೂರಿಸಿದ್ರು. ಎಲುಬಿನಿಂದ ಮಾಂಸ ಬೆರಳಲ್ಲೇ ಬಿಡಿಸಿ ನನ್ನ ಕಡೆ ದೂಡ್ತಾ, ಬೇರೆಯವರಿಗೆ ಕೇಳದ ಹಾಗೆ ಬಗ್ಗಿ ಕೇಳಿದ್ರು:

"ನಿಮ್ಮವನು ತಿಂದನಾ?"

"ತಿಂದ್ರು ಉಮ್ಮಿ."

"ಉಪ್ಪು ಸರಿ ಇತ್ತಂತಾ?"

"ಇಲ್ಲಿವರೆಗೆ ಕನಸಿಗೆ ಬಂದಿಲ್ಲ."

ಉಮ್ಮಿ ತಲೆಯಾಡಿಸಿ, ಆಚೆ ಕೋಣೆಯ ಕಡೆ ಗಲ್ಲ ತೋರಿಸಿದ್ರು. ಅಲ್ಲಿ ಮಗ ಉಂಡ ಕೈ ಸರಿಯಾಗಿ ತೊಳೆಯದೆಯೇ ದಿಂಬಿಗೆ ಒರಗಿ ನಿದ್ದೆ ಹೋಗಿದ್ದ, ಬಾಯಿ ತೆರೆದುಕೊಂಡು. ಗೊರಕೆ ನಮ್ಮ ಹರಿವಾಣದವರೆಗೆ ಕೇಳ್ತಾ ಇತ್ತು.